ಹೋಟೆಲೂಟವೇ ನಿತ್ಯದ ಊಟವಾದಾಗ

ಔಷಧ ಕಂಪನಿಗಳ ಮಾರಾಟ ಪ್ರತಿನಿಧಿಗಳು, ಶಾಖೆಯಿಂದ ಶಾಖೆಗೆ ತಿರುಗುವ ಬ್ಯಾಂಕ್ ಲೆಕ್ಕ ತಪಾಸಕರು, ಯಂತ್ರ ಜೋಡಿಸಲು ಊರೂರು ಸುತ್ತುವ ತಂತ್ರಜ್ಞರು, ದೂರದ ಬಸ್ಸುಗಳ ಚಾಲಕರು ಮತ್ತು ನಿರ್ವಾಹಕರು, ವಿಮಾ ಏಜೆಂಟರು, ಇಂಥವರಿಗೆ ಹೋಟೆಲು ಬಾಯಿರುಚಿಗೆಂದು ಹೋಗುವ ಜಾಗವಲ್ಲ, ಮನೆಯ ಅಡುಗೆಮನೆಯೇ ಅದು. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆ ಕಾಫಿಯೊಂದಿಗೆ ಏನಾದರೊಂದು ಕರಿದದ್ದು, ರಾತ್ರಿ ಲಾಡ್ಜಿನ ಪಕ್ಕದಲ್ಲಿ ಸಿಕ್ಕಿದ್ದು ಎಂದು ವಾರದಲ್ಲಿ ಐದಾರು ದಿನ ಹೊರಗೇ ಉಣ್ಣಬೇಕಾದ ಇವರ ಮೈತೂಕವನ್ನು ಬಾಯಿಚಪಲದ ಫಲವೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಹೋಟೆಲಿನ ಅಡುಗೆ ಬೆಳೆದುಬಂದಿರುವುದು ಅಪರೂಪಕ್ಕೊಮ್ಮೆ ಬಂದು, ಮನೆಯಲ್ಲಿ ಮಾಡದ್ದನ್ನು ತಿಂದು, ಸಂತೋಷಪಟ್ಟು ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಆ ಅಡುಗೆಯನ್ನು ದಿನಕ್ಕೆ ಮೂರು ಹೊತ್ತು ಉಣ್ಣುವವರ ದೇಹಕ್ಕೆ ಪ್ರತಿ ದಿನವೂ ಹಬ್ಬದ ದಿನವೇ ಆಗಿಬಿಡುತ್ತದೆ.

ತೂಕ ಹೆಚ್ಚಾಗಿದೆಯೇ ಎಂಬುದನ್ನು ಅಳೆಯಲು ವೈದ್ಯರು ಬಳಸುವ ಮೊದಲ ಮಾನದಂಡ ಬಿಎಂಐ, ಅಂದರೆ ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗ ಕಾಣಿಸಿಕೊಳ್ಳುವುದರಿಂದ ಇಲ್ಲಿನ ತಜ್ಞರು 23ನ್ನು ದಾಟಿದರೆ ಅಧಿಕ ತೂಕವೆಂದೂ 25ನ್ನು ಮುಟ್ಟಿದರೆ ಬೊಜ್ಜೆಂದೂ ಪರಿಗಣಿಸುತ್ತಾರೆ. 165 ಸೆಂಟಿಮೀಟರ್ ಎತ್ತರದವರಿಗೆ ಇವು ಸರಿಸುಮಾರು 63 ಮತ್ತು 68 ಕಿಲೋಗ್ರಾಂಗಳಿಗೆ ಸಮ. ಇದಕ್ಕಿಂತಲೂ ಹೆಚ್ಚು ಹೇಳುವುದು ಸೊಂಟದ ಸುತ್ತಳತೆ, ಏಕೆಂದರೆ ಹೊಟ್ಟೆಯೊಳಗಿನ ಅಂಗಗಳ ಸುತ್ತ ಸೇರುವ ಕೊಬ್ಬೇ ಇನ್ಸುಲಿನ್ನಿನ ಕೆಲಸಕ್ಕೆ ಮುಖ್ಯವಾಗಿ ಅಡ್ಡಿಯಾಗುತ್ತದೆ. ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದರೆ ಎಚ್ಚರ ವಹಿಸಬೇಕೆಂಬುದು ಒಪ್ಪಿತ ಮಿತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಸುಮಾರು ಶೇಕಡ 30ರಷ್ಟು ಮಂದಿಯ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಹೊರಗೆ ಉಣ್ಣುವುದೊಂದೇ ಇದಕ್ಕೆ ಕಾರಣವಲ್ಲವಾದರೂ, ದಿನವಿಡೀ ಕಾರಿನಲ್ಲೋ ಬಸ್ಸಿನಲ್ಲೋ ಕುಳಿತು ಸಾಗುವ ವೃತ್ತಿಯೂ ಹೋಟೆಲಿನ ಊಟವೂ ಒಟ್ಟಿಗೆ ಸೇರಿದಾಗ ಅಪಾಯ ಇಮ್ಮಡಿಯಾಗುವುದು ಸಹಜ.

ಆಹಾರದ ಶಕ್ತಿಯನ್ನು ಕಿಲೋಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. ಒಂದು ಗ್ರಾಂ ಪಿಷ್ಟದಲ್ಲಾಗಲಿ ಪ್ರೋಟೀನಿನಲ್ಲಾಗಲಿ ಸುಮಾರು 4 ಕಿಲೋಕ್ಯಾಲೊರಿ ಇದ್ದರೆ ಒಂದು ಗ್ರಾಂ ಎಣ್ಣೆ ಅಥವಾ ತುಪ್ಪದಲ್ಲಿ 9 ಇರುತ್ತದೆ, ಆದ್ದರಿಂದ ಹೋಟೆಲೂಟದ ಲೆಕ್ಕ ಎಣ್ಣೆಯಿಂದಲೇ ಶುರುವಾಗಬೇಕು. ಮಸಾಲೆ ದೋಸೆಯ ಕಾವಲಿಯ ಮುಂದೆ ಐದು ನಿಮಿಷ ನಿಂತು ನೋಡಿದವರಿಗೆ ಇದು ವಿವರಿಸದೆಯೇ ತಿಳಿಯುತ್ತದೆ: ಕಾದ ಕಾವಲಿಗೆ ನೀರು ಚಿಮುಕಿಸಿ ಕಡ್ಡಿಪೊರಕೆಯಿಂದ ಗುಡಿಸಿ, ಹಿಟ್ಟನ್ನು ಸುತ್ತಿ ಸುತ್ತಿ ತೆಳ್ಳಗೆ ಹರಡಿ, ಅಂಚಿನ ಸುತ್ತಲೂ ನಡುವೆಯೂ ಎಣ್ಣೆ ಸುರಿದು, ಕೆಂಪು ಚಟ್ನಿ ಸವರಿ, ಆಲೂಗೆಡ್ಡೆ ಪಲ್ಯ ಇಟ್ಟು, ಮಡಚುವ ಮುನ್ನ ಇನ್ನೊಮ್ಮೆ ತುಪ್ಪವನ್ನೋ ಬೆಣ್ಣೆಯನ್ನೋ ಹಾಕುತ್ತಾರೆ. ಒಂದು ಟೀ ಚಮಚ ಎಣ್ಣೆ ಸುಮಾರು 5 ಮಿಲಿಲೀಟರ್, ಅದರಲ್ಲಿ 40 ಕಿಲೋಕ್ಯಾಲೊರಿ. ನಾಲ್ಕು ಚಮಚ ಬಿದ್ದರೆ ಹಿಟ್ಟು ಮತ್ತು ಪಲ್ಯಗಳ ಲೆಕ್ಕ ಹಿಡಿಯುವ ಮೊದಲೇ 160 ಕಿಲೋಕ್ಯಾಲೊರಿ ತಟ್ಟೆಗೆ ಬಂದಾಯಿತು. ಗರಿಗರಿಯಾದ ಹೊರಪದರ ಬೇಕೆಂದರೆ ಎಣ್ಣೆ ಬೇಕೇ ಬೇಕು, ಅದರಲ್ಲಿ ಭಟ್ಟರ ತಪ್ಪೇನೂ ಇಲ್ಲ. ಅದೇ ಅಕ್ಕಿ, ಅದೇ ಉದ್ದು ಹಬೆಯಲ್ಲಿ ಬೆಂದು ಇಡ್ಲಿಯಾದಾಗ ಅದಕ್ಕೆ ತಟ್ಟೆಗೆ ಸವರಿದಷ್ಟು ಎಣ್ಣೆ ಸಾಕಾಗುವುದರಿಂದ, ನಿತ್ಯವೂ ಹೊರಗೆ ತಿಂಡಿ ತಿನ್ನುವವರಿಗೆ ಇಡ್ಲಿಯಷ್ಟು ನಿರಪಾಯದ ತಿನಿಸು ಹೋಟೆಲಿನ ಪಟ್ಟಿಯಲ್ಲಿ ಮತ್ತೊಂದು ಸಿಗುವುದು ಕಷ್ಟ. ಜೊತೆಗೆ ಬರುವ ವಡೆಯನ್ನು ವಾರಕ್ಕೊಂದೆರಡು ದಿನಕ್ಕೆ ಮಿತಗೊಳಿಸಿದರೆ ಸಾಕು.

ಎಣ್ಣೆಯ ನಂತರದ ತೊಡಕು ಪಿಷ್ಟದ ಮೇಲೆ ಪಿಷ್ಟ ಬೀಳುವುದು. ಒಂದೇ ತಟ್ಟೆಯಲ್ಲಿ ಖಾರಾಬಾತು ಮತ್ತು ಕೇಸರಿಬಾತುಗಳನ್ನು ಜೊತೆಯಾಗಿಸುವ ಚೌಚೌ ಬಾತು ಇದಕ್ಕೆ ಒಳ್ಳೆಯ ಉದಾಹರಣೆ, ಏಕೆಂದರೆ ಎರಡಕ್ಕೂ ಆಧಾರ ರವೆಯೇ, ಎರಡರಲ್ಲೂ ಜಿಡ್ಡು ಧಾರಾಳ, ಒಂದರಲ್ಲಿ ಸಕ್ಕರೆಯೂ ಸೇರಿದೆ. ಪೂರಿಯ ಜೊತೆಗಿನ ಸಾಗುವಿನಲ್ಲಿಯೂ ದೋಸೆಯೊಳಗಿನ ಪಲ್ಯದಲ್ಲಿಯೂ ಆಲೂಗೆಡ್ಡೆಯದೇ ಮೇಲುಗೈ; ಹೆಚ್ಚುವ ಕೆಲಸ ಕಡಿಮೆ, ಕೆಡುವ ಭಯ ಕಡಿಮೆ, ಬೆಲೆಯೂ ಕಡಿಮೆ ಎಂಬ ಕಾರಣಕ್ಕೆ ಹೋಟೆಲಿನವರು ಅದನ್ನು ನೆಚ್ಚುವುದು ಅರ್ಥವಾಗುವ ಮಾತು. ನಾರು ಮತ್ತು ಪ್ರೋಟೀನು ಕಡಿಮೆಯಿರುವ ಇಂಥ ತಿಂಡಿ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುತ್ತದೆ, ಹಾಗೆಯೇ ಬೇಗ ಹಸಿವನ್ನೂ ತರುತ್ತದೆ, ಹನ್ನೊಂದು ಗಂಟೆಗೆ ಬೋಂಡಾದ ನೆನಪಾಗುವುದು ಹೀಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2000 ಕಿಲೋಕ್ಯಾಲೊರಿಯ ಒಂದು ದಿನದ ಆಹಾರಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಎಣ್ಣೆ ಸುಮಾರು 27 ಗ್ರಾಂ ಎಂಬ ಪ್ರಮಾಣಗಳಿವೆ. ಈ ಪಟ್ಟಿಯನ್ನು ಹೋಟೆಲಿನ ತಟ್ಟೆಯ ಪಕ್ಕಕ್ಕಿಟ್ಟರೆ ಧಾನ್ಯ ಮತ್ತು ಎಣ್ಣೆ ತುಂಬಿ ತುಳುಕುತ್ತಿರುವುದೂ, ಅರ್ಧ ತಟ್ಟೆ ತುಂಬಬೇಕಿದ್ದ ಸೊಪ್ಪು ತರಕಾರಿ ಒಂದು ಪುಟ್ಟ ಬಟ್ಟಲಿಗೆ ಇಳಿದಿರುವುದೂ ಕಣ್ಣಿಗೆ ಹೊಡೆಯುತ್ತದೆ.

ಕಾಫಿಯ ಲೆಕ್ಕವನ್ನು ಬಹುಮಂದಿ ಹಿಡಿಯುವುದೇ ಇಲ್ಲ. ಭೇಟಿಯಾದ ಪ್ರತಿಯೊಬ್ಬರೊಂದಿಗೂ ಒಂದು ಲೋಟದಂತೆ ದಿನಕ್ಕೆ ಐದು ಕಾಫಿ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ ಎಂದರೆ 50 ಗ್ರಾಂ ಸಕ್ಕರೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂನೊಳಗೆ ಇದ್ದರೆ ಒಳ್ಳೆಯದೆನ್ನುತ್ತದೆ. ಕರ್ನಾಟಕದ ಹೋಟೆಲುಗಳಲ್ಲಿ ಬಹುಕಾಲದಿಂದ ನಡೆದುಬಂದ ಬೈಟು ಕಾಫಿಯ ಪದ್ಧತಿ ಇಲ್ಲಿ ನೆರವಿಗೆ ಬರುತ್ತದೆ, ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡಾಗ ಮರ್ಯಾದೆಯೂ ಉಳಿಯಿತು, ಸಕ್ಕರೆಯೂ ಅರ್ಧವಾಯಿತು. ಕಾಫಿ ಹೇಳುವಾಗಲೇ ಸಕ್ಕರೆ ಬೇರೆ ಕೊಡಿ ಎಂದರೆ ಕೊಡದ ಹೋಟೆಲು ಅಪರೂಪ.

ಹೊರಗೆ ಉಣ್ಣುವುದೆಲ್ಲವೂ ಒಂದೇ ಬಗೆಯದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಊರು ಬಿಟ್ಟು ಬಂದ ಗುಮಾಸ್ತರು, ವಿದ್ಯಾರ್ಥಿಗಳು, ಕೂಲಿಕಾರರು ದಿನನಿತ್ಯ ಉಣ್ಣಲೆಂದೇ ನಡೆಯುವ ಖಾನಾವಳಿ ಮತ್ತು ಮೆಸ್ಸುಗಳ ಅಡುಗೆ ಮನೆಯ ಅಡುಗೆಗೆ ಬಹಳ ಹತ್ತಿರ, ಏಕೆಂದರೆ ನಿನ್ನೆ ಉಂಡವನು ನಾಳೆಯೂ ಬರಬೇಕಾದರೆ ಅವನ ಹೊಟ್ಟೆ ಹಗುರವಾಗಿರಬೇಕು. ಹುಬ್ಬಳ್ಳಿ, ಧಾರವಾಡ, ವಿಜಯಪುರ, ಕಲಬುರಗಿಗಳ ಖಾನಾವಳಿಯ ಊಟವನ್ನು ಒಮ್ಮೆ ಬಿಡಿಸಿ ನೋಡಬಹುದು. ಎಣ್ಣೆ ಸೋಂಕದೆ ಬೆಂದ ಜೋಳದ ರೊಟ್ಟಿ, ಹೆಸರು ಅಥವಾ ಮಡಿಕೆ ಕಾಳಿನ ಪಲ್ಯ, ಪುಂಡಿಯದೋ ಮೆಂತ್ಯದ್ದೋ ಸೊಪ್ಪು, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ತಟ್ಟೆಯ ಅಂಚಿನಲ್ಲಿ ಹಸಿ ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ. ನಾರು, ಪ್ರೋಟೀನು, ಹಸಿ ತರಕಾರಿ ಮೂರೂ ಒಟ್ಟಿಗೆ ಒದಗುವ ಇಂಥ ತಟ್ಟೆಯನ್ನು ಪೋಷಣಾ ತಜ್ಞರು ಹೊಸದಾಗಿ ರೂಪಿಸಲು ಕುಳಿತರೂ ಬದಲಿಸಬೇಕಾದದ್ದು ಹೆಚ್ಚೇನೂ ಇರದು. ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯನ್ನು ಬಟ್ಟಲಿನಲ್ಲೇ ಬಿಟ್ಟು ಬದನೆಕಾಯಿಯನ್ನಷ್ಟೇ ತೆಗೆದುಕೊಳ್ಳುವುದು, ಎರಡು ರೊಟ್ಟಿಯ ಮೇಲೆ ಮತ್ತೆ ಅನ್ನವನ್ನು ಗುಡ್ಡೆ ಹಾಕಿಸಿಕೊಳ್ಳದಿರುವುದು, ಉಪ್ಪಿನಕಾಯಿಯನ್ನು ನಾಲಗೆಗೆ ತಾಕಿಸುವಷ್ಟಕ್ಕೆ ನಿಲ್ಲಿಸುವುದು, ಇಷ್ಟು ಎಚ್ಚರ ಸಾಕಾಗುತ್ತದೆ.

ಮಂಡ್ಯ, ಮೈಸೂರು, ಹಾಸನಗಳ ಕಡೆಯ ಮೆಸ್ಸುಗಳಲ್ಲಿ ರಾಗಿ ಮುದ್ದೆಯೊಂದಿಗೆ ಬರುವ ಸೊಪ್ಪಿನ ಸಾರು, ಬಸ್ಸಾರು, ಹುರುಳಿಕಾಳಿನ ಸಾರುಗಳಿಗೂ ಇದೇ ಮಾತು ಸಲ್ಲುತ್ತದೆ. ಮಾಂಸಾಹಾರಿಗಳು ಮಿಲಿಟರಿ ಹೋಟೆಲಿನಲ್ಲಿ ಬಿರಿಯಾನಿಯ ಬದಲು ಮುದ್ದೆ ಮತ್ತು ಸಾರನ್ನು, ಕರಾವಳಿಯ ಹೋಟೆಲಿನಲ್ಲಿ ರವಾ ಫ್ರೈಯ ಬದಲು ಪುಳಿಮುಂಚಿಯನ್ನು ಕೇಳಿದರೆ ಪ್ರೋಟೀನು ಅಷ್ಟೇ ಸಿಕ್ಕು ಕರಿದ ಎಣ್ಣೆ ತಪ್ಪುತ್ತದೆ. ಹೊಸ ಊರಿಗೆ ಹೋದಾಗ ಲಾಡ್ಜಿನವರಲ್ಲಿ ಹೆಸರಾದ ಹೋಟೆಲು ಯಾವುದೆಂದು ವಿಚಾರಿಸುವುದಕ್ಕಿಂತ, ಇಲ್ಲಿನ ಕಚೇರಿಯವರು ದಿನಾ ಊಟಕ್ಕೆ ಹೋಗುವುದು ಎಲ್ಲಿಗೆ ಎಂದು ಕೇಳುವುದು ಮೇಲು.

ಆದರೆ ಊಟದ ಹೋಟೆಲಿನಲ್ಲಿ ಎಷ್ಟು ಬೇಕಾದರೂ ಬಡಿಸುವ ಔದಾರ್ಯವೇ ಕೆಲವೊಮ್ಮೆ ತೊಂದರೆಯಾಗುತ್ತದೆ. ಹೊಟ್ಟೆ ತುಂಬಿದ ಸೂಚನೆ ಕರುಳಿನ ಹಾರ್ಮೋನುಗಳ ಮೂಲಕ ಮಿದುಳಿಗೆ ತಲುಪಿ ತೃಪ್ತಿಯ ಭಾವ ಮೂಡಲು ಸುಮಾರು ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ, ಆದರೆ ದರ್ಶಿನಿಯಲ್ಲಿ ನಿಂತು ತಿನ್ನುವವರು ಅದರ ಅರ್ಧ ಹೊತ್ತಿನಲ್ಲೇ ಕೈ ತೊಳೆದಿರುತ್ತಾರೆ. ಮೊದಲು ಕೋಸಂಬರಿ, ಪಲ್ಯ, ಬೇಳೆಯ ಗಟ್ಟಿ ಭಾಗವನ್ನು ತಿಂದು ಆಮೇಲೆ ಅನ್ನಕ್ಕೆ ಬಂದರೆ ರಕ್ತದ ಸಕ್ಕರೆಯ ಏರಿಕೆ ತಗ್ಗುತ್ತದೆಂದು ಪರೀಕ್ಷೆಗಳು ತೋರಿಸಿವೆ, ಅನ್ನದ ಪ್ರಮಾಣವೂ ತಾನಾಗಿಯೇ ಇಳಿಯುತ್ತದೆ. ಪಲ್ಯವನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಅನ್ನದ ಪಾತ್ರೆ ಎರಡನೆಯ ಸಲ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನು ಎಲ್ಲ ಮಾಣಿಗಳೂ ಗೌರವಿಸುತ್ತಾರೆ.

ಗ್ರಾಹಕರನ್ನೋ ಮೇಲಧಿಕಾರಿಗಳನ್ನೋ ಉಪಚರಿಸಬೇಕಾದ ರಾತ್ರಿಯೂಟ ಮಾತ್ರ ಬೇರೆಯೇ ಸಂಗತಿ. ಗೋಡಂಬಿ, ಕೆನೆ, ಬೆಣ್ಣೆ ಸೇರಿದ ಗ್ರೇವಿಗಳು, ಮೈದಾದ ನಾನ್, ಮುಂಚೆ ತಿನ್ನುವ ಕರಿದ ಮಂಚೂರಿ, ಅದರೊಂದಿಗೆ ಮದ್ಯವೂ ಇದ್ದರೆ ಅದರ ಪ್ರತಿ ಗ್ರಾಂ ಆಲ್ಕೊಹಾಲಿಗೆ 7 ಕಿಲೋಕ್ಯಾಲೊರಿ, ಹೀಗೆ ಒಂದೇ ಕೂರಿಕೆಯಲ್ಲಿ ಇಡೀ ದಿನದ ಶಕ್ತಿ ಒಳಗೆ ಹೋಗಬಹುದು. ತಂದೂರಿನಲ್ಲಿ ಸುಟ್ಟ ಪನೀರು ಅಥವಾ ಕೋಳಿ, ದಾಲ್, ಬೆಣ್ಣೆ ಸವರದ ತಂದೂರಿ ರೊಟ್ಟಿ ಎಂಬಷ್ಟನ್ನು ಪಟ್ಟಿ ನೋಡುವ ಮೊದಲೇ ನಿಶ್ಚಯಿಸಿಕೊಂಡು ಹೋಗುವವರಿಗೆ ಈ ರಾತ್ರಿಗಳು ಅಷ್ಟು ಭಾರವಾಗುವುದಿಲ್ಲ.

ಅತಿಯಾಗಿ ತಿನ್ನಿಸುವುದು ಬಹುತೇಕ ಸಲ ಹೊತ್ತು ಮೀರಿದ ಹಸಿವು. ಭೇಟಿಗಳ ನಡುವೆ ಊಟ ಮೂರು ಗಂಟೆಗೆ ಜಾರಿದಾಗ ಬಸ್ ನಿಲ್ದಾಣದ ಹೋಟೆಲಿನಲ್ಲಿ ಉಳಿದಿರುವುದು ಪಲಾವು ಮತ್ತು ಬಜ್ಜಿ ಮಾತ್ರ, ಆ ಹಸಿವಿಗೆ ಎರಡೂ ಬೇಕೆನಿಸುತ್ತದೆ. ಚೀಲದಲ್ಲಿ ಒಂದು ಹಿಡಿ ಹುರಿಗಡಲೆ, ಒಂದು ಸೀಬೆಹಣ್ಣು, ನೀರಿನ ಬಾಟಲಿ ಇಟ್ಟುಕೊಳ್ಳುವ ಅಭ್ಯಾಸ ಈ ಕಾರಣಕ್ಕೆ ಯಾವ ಪಥ್ಯಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ. ಊಟ ಬಿಟ್ಟು ತೂಕ ಇಳಿಸುವ ಯತ್ನ ಇವರಿಗೆ ಹೇಳಿದ್ದಲ್ಲ. ಅದರಲ್ಲೂ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಹೊತ್ತು ತಪ್ಪಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದಾದ್ದರಿಂದ, ತಿರುಗಾಟದ ದಿನಚರಿಯನ್ನು ವೈದ್ಯರಿಗೆ ವಿವರಿಸಿ ಔಷಧಿಯ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು.

ಸರಕಾರದ ನಿಯಮಗಳಿಂದ ಸಿಗುವ ರಕ್ಷಣೆ ಸದ್ಯಕ್ಕೆ ಅಲ್ಪವೇ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಉಂಟಾಗುವ ಧ್ರುವೀಯ ಸಂಯುಕ್ತಗಳೆಂಬ ಕೆಟ್ಟ ಪದಾರ್ಥಗಳು ಶೇಕಡ 25ನ್ನು ಮೀರಿದರೆ ಆ ಎಣ್ಣೆಯನ್ನು ಬಳಸಕೂಡದೆಂಬ ನಿಯಮ 2018ರಿಂದ ಜಾರಿಯಲ್ಲಿದೆ, ತಿನಿಸಿನ ಪಟ್ಟಿಯಲ್ಲಿ ಕ್ಯಾಲೊರಿ ನಮೂದಿಸಬೇಕೆಂಬ ನಿಯಮವೂ ಬಂದಿದೆ. ಆದರೆ ಎರಡನೆಯದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಮಳಿಗೆಗಳಿರುವ ದೊಡ್ಡ ಸಂಸ್ಥೆಗಳಂಥವಕ್ಕೆ ಅನ್ವಯಿಸುವುದರಿಂದ ತಾಲ್ಲೂಕು ಕೇಂದ್ರದ ಹೋಟೆಲಿನಲ್ಲಿ ಉಣ್ಣುವವರಿಗೆ ಅದರ ಉಪಯೋಗವಿಲ್ಲ. ಬಾಣಲೆಯ ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆಯೇಳುತ್ತಿದ್ದರೆ ಆ ದಿನ ಕರಿದದ್ದನ್ನು ಬಿಡುವುದೇ ಸುರಕ್ಷಿತ.

ಇಷ್ಟೆಲ್ಲ ಮಾಡಿದ ಮೇಲೂ ತಕ್ಕಡಿ ತಿಂಗಳುಗಟ್ಟಲೆ ಅಲುಗಾಡದಿದ್ದಾಗ ಕೈಬಿಡುವವರೇ ಬಹಳ. ಅಂಥವರಿಗೆ ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಭರವಸೆ ಕೊಡುವಂಥದು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರನ್ನು ಗುಂಪುಗಳಾಗಿ ವಿಂಗಡಿಸಿ ಮೂರು ವರ್ಷ ಗಮನಿಸಿದಾಗ, ವಿಶೇಷ ಸಲಹೆಯಿಲ್ಲದ ಗುಂಪಿನಲ್ಲಿ ಶೇಕಡ 55 ಮಂದಿಗೆ ಕಾಯಿಲೆ ಬಂದರೆ, ಊಟ ಮತ್ತು ನಡಿಗೆಯ ಕ್ರಮ ಬದಲಿಸಿಕೊಂಡವರಲ್ಲಿ ಅದು ಸುಮಾರು ಶೇಕಡ 39ಕ್ಕೆ ತಗ್ಗಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ತಕ್ಕಡಿ ತೋರಿಸುವ ಮೊದಲೇ ದೇಹದೊಳಗೆ ಒಳಿತು ಆರಂಭವಾಗಿರುತ್ತದೆ, ಊಟವಾದ ಮೇಲಿನ ಹತ್ತು ಹದಿನೈದು ನಿಮಿಷದ ನಡಿಗೆಯೂ ಆ ಒಳಿತಿನ ಭಾಗ.

ಈ ಹೊಣೆಯನ್ನೆಲ್ಲ ಉಣ್ಣುವವರ ತಲೆಗೇ ಕಟ್ಟುವುದು ಸರಿಯಲ್ಲ. ಎರಡು ಗಂಟೆಯ ಒಳಗೆ ಊಟಕ್ಕೆ ಬಿಡುವು ಸಿಗುವಂತೆ ಭೇಟಿಗಳನ್ನು ಜೋಡಿಸುವುದು, ಒಳ್ಳೆಯ ಊಟಕ್ಕೆ ಸಾಲುವಷ್ಟು ದಿನಭತ್ಯೆ ಕೊಡುವುದು, ಬಿಲ್ಲು ಕೊಡದ ಸಣ್ಣ ಖಾನಾವಳಿಯ ಊಟದ ಖರ್ಚನ್ನೂ ಮರುಪಾವತಿಗೆ ಒಪ್ಪುವುದು, ಸಂಜೆಯ ಪರಿಶೀಲನಾ ಸಭೆಗೆ ಬೋಂಡಾ ಮತ್ತು ಜಿಲೇಬಿಯ ಬದಲು ಬೇಯಿಸಿದ ಕಡಲೆಕಾಯಿ, ಹೆಚ್ಚಿದ ಹಣ್ಣು, ಮಜ್ಜಿಗೆ ತರಿಸುವುದು ಸಂಸ್ಥೆಗಳ ಕೈಯಲ್ಲಿದೆ, ಇವುಗಳಲ್ಲಿ ಯಾವುದಕ್ಕೂ ದೊಡ್ಡ ಖರ್ಚು ತಗಲುವುದಿಲ್ಲ.