ಮೊದಲ ಹಂದಿ ಸತ್ತಾಗ ಫೋನ್ ಮಾಡೋದು ಯಾರು?

ಹಂದಿಗೂ ಪಿಸಿಆರ್ ಟೆಸ್ಟ್ ಮಾಡ್ತಾರೆ ಅಂದ್ರೆ ನಮ್ಮಲ್ಲಿ ತುಂಬಾ ಜನ ನಗ್ತಾರೆ. 2020ರಲ್ಲಿ ನಮ್ಮ ಮೂಗಿಗೆಲ್ಲ ಕಡ್ಡಿ ಹಾಕ್ತಿದ್ದಾಗಲೇ ಭಾರತದ ಹಂದಿಗಳಿಗೆ ಇನ್ನೊಂದು ವೈರಸ್ ಬಂದಿತ್ತು: ಆಫ್ರಿಕನ್ ಹಂದಿ ಜ್ವರ. ಮೊದಲು ಅಸ್ಸಾಂ, ಅರುಣಾಚಲ ಪ್ರದೇಶ. 2022ರ ಜುಲೈನಲ್ಲಿ ಕೇರಳದ ವಯನಾಡು. 2025ರ ಆಗಸ್ಟ್‌ನಲ್ಲಿ ನಮ್ಮ ಪಕ್ಕದ ಚಿಕ್ಕಬಳ್ಳಾಪುರ. ಈ ಜ್ವರ ಮನುಷ್ಯರಿಗೆ ಬರಲ್ಲ. ಆದರೆ ಹಂದಿಗೆ ಬಂದರೆ ಔಷಧಿ ಇಲ್ಲ, ಹಾಕಿಸೋಣ ಅಂದ್ರೆ ನಮ್ಮ ದೇಶದಲ್ಲಿ ಲಸಿಕೆಯೂ ಸಿಗಲ್ಲ. ತೀವ್ರವಾಗಿ ಬಂದರೆ ಹೆಚ್ಚುಕಡಿಮೆ ಇಡೀ ಹಿಂಡೇ ಸಾಯುತ್ತದೆ. ಹಾಗಾಗಿ ಉಳಿದಿರೋ ದಾರಿ ಒಂದೇ, ಬೇಗ ಪತ್ತೆ ಹಚ್ಚೋದು.

ಪತ್ತೆ ಹಚ್ಚೋದು ಯಾಕೆ ಕಷ್ಟ? ಜೋರು ಜ್ವರ, ಮೇವು ಬಿಡೋದು, ಕಿವಿ ಮತ್ತು ಹೊಟ್ಟೆಯ ಚರ್ಮ ಕೆಂಪಾಗೋದು ಇದರ ಲಕ್ಷಣ. ನಮ್ಮಲ್ಲಿ ಮೊದಲಿಂದ ಇರುವ ಸಾಮಾನ್ಯ ಹಂದಿ ಜ್ವರದ ಲಕ್ಷಣಗಳೂ ಇವೇ. ಅದು ಬೇರೆ ವೈರಸ್, ಅದಕ್ಕೆ ಲಸಿಕೆ ಇದೆ. ಕಣ್ಣಲ್ಲಿ ನೋಡಿ ಎರಡನ್ನೂ ಬೇರ್ಪಡಿಸೋಕೆ ಆಗಲ್ಲ. ಅದಕ್ಕೇ ರಕ್ತ ಅಥವಾ ಸತ್ತ ಹಂದಿಯ ಗುಲ್ಮದ ಚೂರು ಲ್ಯಾಬಿಗೆ ಹೋಗಬೇಕು. ಅಂತಿಮವಾಗಿ ಖಚಿತಪಡಿಸುವುದು ಭೋಪಾಲ್‌ನಲ್ಲಿರುವ ರಾಷ್ಟ್ರೀಯ ಉನ್ನತ ಭದ್ರತಾ ಪಶುರೋಗ ಸಂಸ್ಥೆ. ನಮ್ಮ ಊರಿನಲ್ಲಿ ಯಲಹಂಕದ ಹತ್ತಿರ ರಾಮಗೊಂಡನಹಳ್ಳಿಯಲ್ಲಿ 'ನಿವೇದಿ' ಅನ್ನೋ ಕೇಂದ್ರ ಸಂಸ್ಥೆ ಇದೆ. ಹಳೆಯ ರೋಗದ ದಾಖಲೆ, ಹವಾಮಾನ ಇವನ್ನೆಲ್ಲ ಸೇರಿಸಿ ಯಾವ ಜಿಲ್ಲೆಗೆ ಯಾವ ಪಶುರೋಗ ಬರಬಹುದು ಅಂತ ಮುನ್ಸೂಚನೆ ಕೊಡೋದು ಅವರ ಕೆಲಸಗಳಲ್ಲಿ ಒಂದು. ಡೇಟಾ ಸೈನ್ಸ್ ಓದುವವರು ಒಮ್ಮೆ ಅವರ ಬುಲೆಟಿನ್ ನೋಡಿ.

ಪಿಸಿಆರ್ ತುಂಬಾ ಸೂಕ್ಷ್ಮ. ಪ್ರತಿ ಸುತ್ತಿಗೆ ವೈರಸ್ಸಿನ ಡಿಎನ್‌ಎ ತುಣುಕು ಎರಡರಷ್ಟಾಗುತ್ತದೆ. 30 ಸುತ್ತು ಅಂದ್ರೆ 2ರ ಘಾತ 30, ಒಂದು ತುಣುಕಿನಿಂದ ಸುಮಾರು 107 ಕೋಟಿ ಪ್ರತಿ. ಇಷ್ಟು ಚುರುಕಾದ ಟೆಸ್ಟ್ ಇದ್ದ ಮೇಲೆ ಆಗಾಗ ಹೋಗಿ ಒಂದಷ್ಟು ಹಂದಿಗಳ ರಕ್ತ ತೆಗೆದರೆ ಸಾಕಲ್ವಾ?

ಲೆಕ್ಕ ಹಾಕಿ ನೋಡೋಣ. ದೊಡ್ಡ ಹಿಂಡಿನಲ್ಲಿ ಶೇ. 10ರಷ್ಟು ಹಂದಿಗಳಿಗೆ ಸೋಂಕು ಇದೆ ಅಂದ್ಕೊಳ್ಳಿ. ಯಾದೃಚ್ಛಿಕವಾಗಿ ಆರಿಸಿದ ಒಂದು ಹಂದಿ ಆರೋಗ್ಯವಾಗಿರೋ ಸಂಭವ 0.9. n ಹಂದಿಗಳನ್ನು ಆರಿಸಿದಾಗ ಸೋಂಕಿತ ಹಂದಿ ಒಂದೂ ಸಿಗದೇ ಹೋಗೋ ಸಂಭವ 0.9ರ ಘಾತ n. ಇದು ಶೇ. 5ಕ್ಕಿಂತ ಕಡಿಮೆ ಆಗಬೇಕು ಅಂದ್ರೆ n 29 ಆಗಬೇಕು. ಪರವಾಗಿಲ್ಲ. ಆದರೆ ಸೋಂಕು ಶೇ. 1ರಷ್ಟೇ ಇದ್ದರೆ? 299 ಹಂದಿ! ನಮಗೆ ಪತ್ತೆ ಬೇಕಾಗಿರೋದು ಆ ಶೇ. 1ರ ಹಂತದಲ್ಲೇ. ಮನೆ ಹಿಂದೆ 20 ಹಂದಿ ಸಾಕಿದವರ ಹತ್ತಿರ ಈ ಸೂತ್ರಕ್ಕೆ ಅರ್ಥವೇ ಇಲ್ಲ, ಎಲ್ಲವನ್ನೂ ಟೆಸ್ಟ್ ಮಾಡಬೇಕಾಗುತ್ತೆ. ಅದನ್ನ ವಾರ ವಾರ ಮಾಡೋಷ್ಟು ಜನ ಯಾವ ಇಲಾಖೆಯಲ್ಲೂ ಇರಲ್ಲ.

ಅದಕ್ಕೆ ಈ ರೋಗದಲ್ಲಿ ಪ್ರಪಂಚದ ಎಲ್ಲ ಕಡೆ ಬಳಸೋ ಉಪಾಯ ಸರಳವಾದದ್ದು. ಚೆನ್ನಾಗಿರೋ ಹಂದಿಗಳನ್ನು ಹುಡುಕಿಕೊಂಡು ಹೋಗಬೇಡಿ, ಸತ್ತದ್ದನ್ನೂ ಕಾಯಿಲೆ ಬಿದ್ದದ್ದನ್ನೂ ಟೆಸ್ಟ್ ಮಾಡಿ. ಸತ್ತ ಹಂದಿಯಲ್ಲಿ ವೈರಸ್ ತುಂಬಿಕೊಂಡಿರುತ್ತೆ, ಒಂದೇ ಸ್ಯಾಂಪಲ್ ಸಾಕು. ಆದರೆ ಹಂದಿ ಸತ್ತಿದೆ ಅಂತ ಮೊದಲು ಗೊತ್ತಾಗೋದು ಸಾಕಿದವರಿಗೆ. ಹಾಗಾಗಿ ಈ ಇಡೀ ವ್ಯವಸ್ಥೆಯ ಸೆನ್ಸರ್ ಅಂದ್ರೆ ಅವರು ಮಾಡೋ ಫೋನ್.

ಈಗ ಅವರ ಜಾಗದಲ್ಲಿ ನಿಂತು ಯೋಚಿಸಿ. ಶುರುವಿನಲ್ಲಿ ಒಂದೋ ಎರಡೋ ಸಾಯುತ್ತವೆ, 'ಬಿಸಿಲಿಗೆ ಹೋಗಿರಬೇಕು' ಅನ್ನಿಸುತ್ತೆ. ಫೋನ್ ಮಾಡಿ ರೋಗ ಖಚಿತವಾದರೆ ಸುತ್ತ 1 ಕಿ.ಮೀ. ರೋಗಪೀಡಿತ ವಲಯ, 10 ಕಿ.ಮೀ. ನಿಗಾ ವಲಯ ಅಂತ ಘೋಷಣೆ ಆಗುತ್ತೆ. ಒಳವಲಯದ ಹಂದಿಗಳನ್ನು ಕೊಲ್ಲುತ್ತಾರೆ, ಪಕ್ಕದ ಮನೆಯವರ ಚೆನ್ನಾಗಿರೋ ಹಂದಿಗಳನ್ನೂ ಸೇರಿಸಿ. ಫೋನ್ ಮಾಡದೇ ಉಳಿದದ್ದನ್ನು ರಾತ್ರೋರಾತ್ರಿ ಮಾರಿಬಿಟ್ಟರೆ ಒಂದಿಷ್ಟು ದುಡ್ಡಾದರೂ ಕೈಗೆ ಬರುತ್ತೆ. ಆ ಗಾಡಿಯ ಜೊತೆ ವೈರಸ್ಸೂ ಮುಂದಿನ ಊರಿಗೆ ಹೋಗುತ್ತೆ.

2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ ಮಾಹಿತಿ ಕೊಡೋದು ಕಡ್ಡಾಯ. ಕೊಂದ ಹಂದಿಗಳಿಗೆ ಪರಿಹಾರವೂ ಇದೆ. ನಮ್ಮ ಪ್ರಕಾರ ಈ ಪರಿಹಾರದ ಹಣ ಬರೀ ದಯೆ ಅಲ್ಲ, ಅದೂ ಸೆನ್ಸರ್‌ನ ಒಂದು ಭಾಗ. ಹಣ ತಡವಾದರೆ, ಕಡಿಮೆಯಾದರೆ, ಮುಂದಿನ ಸಲ ಫೋನ್ ಬರಲ್ಲ. ಲ್ಯಾಬಿನಲ್ಲಿ ಎಂಥ ಮಷೀನ್ ಇದ್ದರೂ ಸ್ಯಾಂಪಲ್ಲೇ ಬರದಿದ್ದರೆ ಏನು ಮಾಡುತ್ತೆ?

ಇದಕ್ಕೂ ನಮಗೂ ಏನು ಸಂಬಂಧ ಅಂತೀರಾ? ಕಂಟೋನ್ಮೆಂಟ್ ಕಡೆಯ ಅನೇಕ ಮನೆಗಳಲ್ಲಿ ಹಂದಿ ಮಾಂಸ ಹೊಸ ಅಡುಗೆಯೇನಲ್ಲ. ಮಾಂಸ ತಿನ್ನದವರಿಗೂ ಸಂಬಂಧ ಇದೆ, ಮೆಸ್ಸಿನ ಮೂಲಕ. ನಗರದ ಹೋಟೆಲು, ಹಾಸ್ಟೆಲುಗಳ ಮುಸುರೆ ಡ್ರಮ್ಮುಗಳಲ್ಲಿ ತುಂಬಿ ಹೊರವಲಯದ ಹಂದಿ ಸಾಕುವವರ ಹತ್ತಿರ ಹೋಗೋದು ಹಳೇ ಪದ್ಧತಿ. ಅನ್ನ ಸಾರು ಹೋದರೆ ತೊಂದರೆ ಇಲ್ಲ. ಆದರೆ ಹಂದಿ ಮಾಂಸದ ತುಂಡುಗಳಲ್ಲಿ ಈ ವೈರಸ್ ತಿಂಗಳುಗಟ್ಟಲೆ ಬದುಕಬಲ್ಲದು. 2007ರಲ್ಲಿ ಜಾರ್ಜಿಯಾ ದೇಶಕ್ಕೆ ಈ ರೋಗ ಬಂದದ್ದೇ ಹಡಗಿನ ಅಡುಗೆಮನೆಯ ಎಂಜಲಿನಿಂದ ಅಂತ ತಜ್ಞರು ಹೇಳ್ತಾರೆ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ನಿಯಮದಂತೆ ಮುಸುರೆಯನ್ನು ಕನಿಷ್ಠ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ 60 ನಿಮಿಷ, ಕಲಕುತ್ತಾ ಕುದಿಸಬೇಕು. ಅದಕ್ಕೆ ಬೇಕಾದ ಸೌದೆ, ಗ್ಯಾಸಿನ ಖರ್ಚು ಕೊಡೋರು ಯಾರು?

ನಮ್ಮ ಕೈಲಾಗೋದು ಸ್ವಲ್ಪ ಇದೆ. ಮೆಸ್ಸಿನಲ್ಲಿ ಮಾಂಸದ ಎಂಜಲಿಗೆ ಬೇರೆ ಡಬ್ಬ ಇಡಿಸೋದು ಒಂದು ಮೀಟಿಂಗಿನ ಕೆಲಸ. ಮೆಕ್ಯಾನಿಕಲ್‌ನವರಿಗೆ ಕಡಿಮೆ ಖರ್ಚಿನಲ್ಲಿ 90 ಡಿಗ್ರಿ ಕಾಯ್ದುಕೊಳ್ಳೋ ಬಾಯ್ಲರ್ ಒಳ್ಳೇ ಪ್ರಾಜೆಕ್ಟ್. ಕಂಪ್ಯೂಟರ್ ಸೈನ್ಸ್‌ನವರು ದಿನದ ಮೇವು, ಸಾವು ಬರೆದಿಡೋ ಕನ್ನಡದ ಆ್ಯಪ್ ಮಾಡಬಹುದು. ಮೂರು ದಿನದಲ್ಲಿ ಎರಡು ಹಂದಿ ಸತ್ತರೆ ಅದು 'ಬಿಸಿಲು ಅಂತ ಬಿಡಬೇಡಿ, 1962ಕ್ಕೆ ಕರೆ ಮಾಡಿ' ಅಂತ ಹೇಳಲಿ. ಪಶು ಸಂಜೀವಿನಿಯ ಆ ನಂಬರ್ ನಿಮ್ಮೂರಿನಲ್ಲಿ ಹಂದಿ, ಹಸು, ಕುರಿ ಸಾಕೋ ಯಾರಾದರೂ ಇದ್ದರೆ ಅವರ ಮೊಬೈಲಿನಲ್ಲಿ ಇವತ್ತೇ ಸೇವ್ ಮಾಡಿಕೊಡಿ.