ಒಪೇರಾ: ಹಾಲ್‌ನಲ್ಲಿ ನಿಂತು ಕೇಳೋದಾ, ಸ್ಕ್ರೀನ್‌ನಲ್ಲಿ ನೋಡೋದಾ?

ಹೋದ ಸಲ ಒಪೇರಾ ಬಗ್ಗೆ ಮಾತಾಡಿದಾಗ ಹೈದರಾಬಾದಿನ ಗೆಳೆಯರೊಬ್ಬರು ಕೇಳಿದ್ರು: "ಇಷ್ಟೆಲ್ಲ ಹೇಳ್ತೀರಲ್ಲ, ನಾವಿರೋ ಊರಲ್ಲಿ ಒಪೇರಾ ಎಲ್ಲಿದೆ ಸರ್? ಸ್ಕ್ರೀನಲ್ಲಿ ನೋಡಿದ್ರೆ ಸಾಲದಾ?" ಈ ಪ್ರಶ್ನೆಗೆ ನಾನು ಬಹಳ ವರ್ಷ ಒಂದೇ ಉತ್ತರ ಕೊಡ್ತಿದ್ದೆ: "ಲೈವ್ ನೋಡದಿದ್ರೆ ನೋಡಿದ ಹಾಗೇ ಅಲ್ಲ." ಇವತ್ತು ಅದನ್ನು ತಿದ್ದಿಕೊಳ್ತೀನಿ.

ಮೊದಲು ಲೈವ್ ಕಥೆ. ಪ್ರಾಜೆಕ್ಟ್ ಕೆಲಸಕ್ಕೆ ಯುರೋಪಿಗೆ ಹೋಗಿದ್ದಾಗ ಒಂದು ಶನಿವಾರ ವಿಯೆನ್ನಾಕ್ಕೆ ಹೋದೆ. ಅಲ್ಲಿನ ಸ್ಟೇಟ್ ಒಪೇರಾದಲ್ಲಿ ನಿಂತು ನೋಡೋ ಟಿಕೆಟ್ ಅಗ್ಗ. ಕಂಬಿಗೆ ಸ್ಕಾರ್ಫ್ ಕಟ್ಟಿದ್ರೆ ಆ ಜಾಗ ನಿಮ್ಮದು, ನಮ್ಮ ಬಸ್ಸಲ್ಲಿ ಟವಲ್ ಹಾಕಿ ಸೀಟ್ ಹಿಡಿದ ಹಾಗೆ. ನಾನು ಕರ್ಚೀಫ್ ಕಟ್ಟಿದೆ. ಅವತ್ತು ಪುಚಿನಿಯ 'ಲಾ ಬೊಹೆಮ್'. ಪ್ಯಾರಿಸಿನ ಬಡ ಕವಿ ರೊಡಾಲ್ಫೊ, ಹೊಲಿಗೆ ಕೆಲಸದ ಹುಡುಗಿ ಮಿಮಿ, ಅವಳನ್ನು ತಿನ್ನುವ ಕ್ಷಯ. ಕಥೆ ಇಷ್ಟೇ.

ನನಗೆ ಆಶ್ಚರ್ಯವಾಗಿದ್ದು ಒಂದೇ ವಿಷಯಕ್ಕೆ: ಹಾಡುವವರಿಗೆ ಮೈಕ್ ಇಲ್ಲ! ದೊಡ್ಡ ಆರ್ಕೆಸ್ಟ್ರಾ ಎದುರಿಗಿದ್ರೂ ಒಂದು ಕಂಠ ಮೇಲಿನ ಬಾಲ್ಕನಿವರೆಗೆ ಹೇಗೆ ಬರುತ್ತೆ? ಆರ್ಕೆಸ್ಟ್ರಾದ ಶಕ್ತಿ ಹೆಚ್ಚಾಗಿರೋದು 500 ಹರ್ಟ್ಜ್ ಆಸುಪಾಸಿನಲ್ಲಿ. ಅದಕ್ಕಿಂತ ಮೇಲೆ ಹೋದಂತೆ ಕಡಿಮೆಯಾಗುತ್ತೆ. ತರಬೇತಾದ ಗಾಯಕರು, ಮುಖ್ಯವಾಗಿ ಗಂಡು ಕಂಠದವರು, ಗಂಟಲಿನ ಆಕಾರ ಹೊಂದಿಸಿಕೊಂಡು 3,000 ಹರ್ಟ್ಜ್ ಹತ್ತಿರ ಶಕ್ತಿ ಒಟ್ಟುಗೂಡಿಸ್ತಾರೆ. ನಮ್ಮ ಕಿವಿ ಚುರುಕಾಗಿರೋದೂ ಅಲ್ಲೇ. ಅಂದ್ರೆ ಜೋರಾಗಿ ಕೂಗಿ ಗೆಲ್ಲೋದಲ್ಲ, ಖಾಲಿ ಇರೋ ದಾರಿಯಲ್ಲಿ ಬರೋದು. ಸೋಪ್ರಾನೊಗಳು ಮೇಲಿನ ಸ್ವರಗಳಲ್ಲಿ ಬಾಯಿ ಹೆಚ್ಚು ತೆರೆದು, ಅನುರಣನವನ್ನೇ ಸ್ವರಕ್ಕೆ ಹೊಂದಿಸ್ತಾರೆ.

ಪ್ರಸಾರದಲ್ಲಿ ಕಳೆದುಹೋಗೋದು ಇದೇ. ಮೈಕ್ ಬಂದ ಕೂಡಲೇ ಸಣ್ಣ ಕಂಠ, ದೊಡ್ಡ ಕಂಠ ಎರಡೂ ಒಂದೇ ಅಳತೆಗೆ ಬರ್ತವೆ. ಕಂಠದ ಗಾತ್ರ ಹೆಡ್‌ಫೋನಿಗೆ ಗೊತ್ತಾಗಲ್ಲ.

ಹಾಗಂತ ಪ್ರಸಾರ ನಿನ್ನೆ ಮೊನ್ನೆಯದಲ್ಲ. 1881ರಲ್ಲೇ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಲ್ಲಿ ಜನ ಎರಡೂ ಕಿವಿಗೆ ಟೆಲಿಫೋನ್ ಹಿಡಿದು ಒಪೇರಾ ಕೇಳಿದ್ರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೇರಾ, ಅಂದ್ರೆ 'ಮೆಟ್', 1931ರ ಕ್ರಿಸ್‌ಮಸ್ ದಿನ ಶುರುಮಾಡಿದ ರೇಡಿಯೊ ಪ್ರಸಾರ ಒಂದು ಸಂಪ್ರದಾಯವೇ ಆಯ್ತು. 2006ರ ಡಿಸೆಂಬರಿನಿಂದ ಅದೇ ಸಂಸ್ಥೆ ಸಿನಿಮಾ ಹಾಲ್‌ಗಳಿಗೆ ನೇರಪ್ರಸಾರ ಶುರುಮಾಡ್ತು.

ಪ್ರಸಾರದಲ್ಲೂ ಎದೆ ಡವಡವ ಅನ್ನುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. 2014ರ ಏಪ್ರಿಲ್ 4ರ ರಾತ್ರಿ ಕ್ರಿಸ್ಟೀನೆ ಒಪೊಲೈಸ್ ಮೆಟ್‌ನಲ್ಲಿ 'ಮದಾಮ ಬಟರ್‌ಫ್ಲೈ' ಹಾಡಿದ್ರು. ಮಾರನೇ ದಿನ ಬೆಳಗ್ಗೆ ಏಳೂವರೆಗೆ ಫೋನು: ಮಿಮಿ ಹಾಡಬೇಕಿದ್ದ ಗಾಯಕಿಗೆ ಹುಷಾರಿಲ್ಲ, ಮಧ್ಯಾಹ್ನ ನೀವು ಹಾಡ್ತೀರಾ? ಅವತ್ತೇ 'ಲಾ ಬೊಹೆಮ್' ಜಗತ್ತಿನ ಸಿನಿಮಾ ಹಾಲ್‌ಗಳಿಗೆ ನೇರಪ್ರಸಾರ. ನಿದ್ದೆಗೆಟ್ಟ ಆ ಹೆಂಗಸು ಬಂದು ಹಾಡಿದ್ರು. ಪ್ರೊಡಕ್ಷನ್ ರಿಲೀಸ್ ರಾತ್ರಿ ಎಚ್ಚರ ಇದ್ದವರಿಗೆ ಇದರ ಕಷ್ಟ ಬೇರೆ ಹೇಳಬೇಕಾಗಿಲ್ಲ.

ಆ ರೆಕಾರ್ಡಿಂಗ್ ನಾನು ನೋಡಿದ್ದು ಪುಣೆಯ ಫ್ಲ್ಯಾಟಲ್ಲಿ, ಲ್ಯಾಪ್‌ಟಾಪಲ್ಲಿ. ಕೊನೆಯ ದೃಶ್ಯದಲ್ಲಿ ಮಿಮಿ ಸದ್ದಿಲ್ಲದೆ ಹೋಗಿಬಿಡ್ತಾಳೆ. ಗೆಳೆಯರಿಗೆ ಗೊತ್ತಾಗುತ್ತೆ, ರೊಡಾಲ್ಫೊಗೆ ಮಾತ್ರ ಗೊತ್ತಿಲ್ಲ. ತಿರುಗಿ ಅವರ ಮುಖ ನೋಡ್ತಾನೆ, ಆಗ ತಿಳಿಯುತ್ತೆ. ವಿಯೆನ್ನಾದ ಬಾಲ್ಕನಿಯಿಂದ ನನಗೆ ಮುಖಗಳೇ ಕಂಡಿರಲಿಲ್ಲ. ಆ ಮೌನ ಕೇಳಿಸಿತ್ತು, ಅಷ್ಟೇ. ಸ್ಕ್ರೀನಲ್ಲಿ ಆ ನೋಟ ಕಂಡಿತು.

ಅವತ್ತು ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕೂತೆ. ಅಪ್ಪ ಹೋದ ಸುದ್ದಿ ನನಗೆ ತಿಳಿದಿದ್ದೂ ಹೀಗೇ, ವಿಡಿಯೊ ಕಾಲಲ್ಲಿ. ಅಣ್ಣ ಬಾಯಿ ತೆರೆಯೋಕೆ ಮುಂಚೆ ಅವನ ಮುಖವೇ ಹೇಳಿಬಿಟ್ಟಿತ್ತು. ಅಲ್ಲಿ ಇರಲಿಲ್ಲವಲ್ಲ ಅನ್ನೋ ಸಂಕಟ ಇವತ್ತಿಗೂ ಇದೆ. ಆದ್ರೆ ಸ್ಕ್ರೀನಲ್ಲಿ ಕಂಡಿದ್ದು ಸುಳ್ಳು ಅಂತ ಹೇಳೋಕೆ ನನಗೆ ಆಗಲ್ಲ. ಊರು ಬಿಟ್ಟ ನಮಗೆ ಅರ್ಧ ಬದುಕು ಬರೋದೇ ಆ ಕಿಟಕಿಯಿಂದ.

ಹಾಗಾಗಿ ಈಗ ನನ್ನ ಉತ್ತರ: ಹಾಲ್ ಕಿವಿಗೆ, ಸ್ಕ್ರೀನ್ ಕಣ್ಣಿಗೆ. ಸ್ಕ್ರೀನಿಂದಲೇ ಶುರುಮಾಡಿ. ಮೊದಲು ಕಥೆ ಓದಿಕೊಳ್ಳಿ, ಸಬ್‌ಟೈಟಲ್ ಹಾಕಿಕೊಳ್ಳಿ, ಒಂದು ದಿನಕ್ಕೆ ಒಂದು ಅಂಕ ಸಾಕು. ಮುಂಬೈ, ಪುಣೆಯವರು ಎನ್‌ಸಿಪಿಎ ಕಾರ್ಯಕ್ರಮಪಟ್ಟಿ ಮೇಲೆ ಕಣ್ಣಿಡಿ. ಮೆಟ್ ಪ್ರಸಾರಗಳನ್ನು ಅಲ್ಲಿ ದೊಡ್ಡ ಪರದೆ ಮೇಲೆ ತೋರಿಸಿದ್ದಾರೆ. 1911ರಲ್ಲಿ ಉದ್ಘಾಟನೆಯಾಗಿ 2016ರಲ್ಲಿ ಮತ್ತೆ ಬಾಗಿಲು ತೆರೆದ ರಾಯಲ್ ಒಪೇರಾ ಹೌಸ್ ಕೂಡ ಮುಂಬೈಯಲ್ಲೇ ಇದೆ. ಪಿಯಾನೊ ಜೊತೆ ಒಬ್ಬರೇ ಹಾಡಿದ್ರೂ ಪರವಾಗಿಲ್ಲ, ಮೈಕ್ ಇಲ್ಲದ ಒಂದು ಕಂಠವನ್ನು ಜೀವನದಲ್ಲಿ ಒಮ್ಮೆ ಎದುರು ಕೂತು ಕೇಳಿ.

ಕರ್ಚೀಫ್ ಮರೆಯಬೇಡಿ, ಎರಡಕ್ಕೂ ಬೇಕಾಗುತ್ತೆ. ಮತ್ತೆ ಸಿಗೋಣ.