ರೋಗಲಕ್ಷಣದ ಶಮನ ಮತ್ತು ರೋಗದ ಚಿಕಿತ್ಸೆ

ಜ್ವರ, ಕೆಮ್ಮು, ನೋವು, ಭೇದಿ ಮುಂತಾದವು ಸಾಮಾನ್ಯವಾಗಿ ರೋಗದ ಇರುವಿಕೆಯನ್ನು ಸೂಚಿಸುವ ಲಕ್ಷಣಗಳೇ ಹೊರತು ಸ್ವತಃ ರೋಗಗಳಲ್ಲ. ಲಕ್ಷಣವನ್ನು ಶಮನಗೊಳಿಸುವ ಔಷಧಿಯು ರೋಗಿಗೆ ನೆಮ್ಮದಿಯನ್ನು ನೀಡುತ್ತದೆ. ಆದರೆ ಲಕ್ಷಣವು ಅಡಗಿದ ಮಾತ್ರಕ್ಕೆ ರೋಗವು ಗುಣವಾಯಿತೆಂದು ಭಾವಿಸುವುದು ಅಪಾಯಕ್ಕೆ ಎಡೆಮಾಡಬಹುದು.

ಪುಣೆ ನಗರದ ಅನುಭವವು ಇದಕ್ಕೆ ನಿದರ್ಶನವಾಗಿದೆ. 2025ರ ಜನವರಿಯಲ್ಲಿ ಅಲ್ಲಿನ ಸಿಂಹಗಡ ರಸ್ತೆಯ ಸುತ್ತಮುತ್ತ ಗಿಲನ್-ಬಾರೆ ಸಿಂಡ್ರೋಮ್ (ಜಿ.ಬಿ.ಎಸ್.) ಎಂಬ ಅಪರೂಪದ ನರರೋಗವು ಅನೇಕರಲ್ಲಿ ಕಂಡುಬಂದಿತು. ಹಲವು ರೋಗಿಗಳಿಗೆ ಮೊದಲು ಭೇದಿಯಾಗಿತ್ತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆಯಲ್ಲಿ ಕೆಲವರ ಮಲದ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣು ಪತ್ತೆಯಾಯಿತು. ಕಲುಷಿತ ನೀರು ಮತ್ತು ಸರಿಯಾಗಿ ಬೇಯಿಸದ ಕೋಳಿಮಾಂಸದ ಮೂಲಕ ಈ ರೋಗಾಣುವು ದೇಹವನ್ನು ಸೇರುತ್ತದೆ. ಅದನ್ನು ಎದುರಿಸಲು ಸಿದ್ಧವಾದ ದೇಹದ ರಕ್ಷಣಾ ವ್ಯವಸ್ಥೆಯು ಕೆಲವರಲ್ಲಿ ತನ್ನದೇ ನರಗಳ ಮೇಲೆ ದಾಳಿ ಮಾಡುತ್ತದೆ. ಭೇದಿ ನಿಂತು ಮನೆಯವರು ನಿಶ್ಚಿಂತರಾದ ಮೇಲೆ, ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳೊಳಗೆ, ಕಾಲುಗಳಲ್ಲಿ ಜೋಮು ಮತ್ತು ಬಲಹೀನತೆ ಕಾಣಿಸಿಕೊಳ್ಳುತ್ತವೆ.

ಭೇದಿಯಾದವರೆಲ್ಲರಿಗೂ ಹೀಗಾಗುವುದಿಲ್ಲವಾದ್ದರಿಂದ ಗಾಬರಿಗೆ ಕಾರಣವಿಲ್ಲ. ಆದರೆ ಕಾಲಿನ ಬಲಹೀನತೆಯು ಮೇಲಕ್ಕೇರುತ್ತಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಒಂದು ಗಂಟೆಯನ್ನೂ ವ್ಯರ್ಥಮಾಡದೆ ಆಸ್ಪತ್ರೆಗೆ ಹೋಗಬೇಕು.

ಲಕ್ಷಣಾಧಾರಿತ ಚಿಕಿತ್ಸೆಯು ಕೀಳೆಂದು ಇದರ ಅರ್ಥವಲ್ಲ. ಭೇದಿಯಾದಾಗ ಓ.ಆರ್.ಎಸ್. ದ್ರಾವಣವು ಜೀವವನ್ನು ಉಳಿಸುತ್ತದೆ. ಜಿ.ಬಿ.ಎಸ್. ರೋಗಿಯ ಉಸಿರಾಟದ ಸ್ನಾಯುಗಳು ಸೋತಾಗ, ನರಗಳು ಚೇತರಿಸಿಕೊಳ್ಳುವವರೆಗೆ ಉಸಿರನ್ನು ಕಾಯುವುದು ಕೃತಕ ಉಸಿರಾಟದ ಯಂತ್ರವೇ. ಆದರೆ ಕಾರಣದ ಶೋಧವು ಇದರ ಜೊತೆಗೇ ಸಾಗಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಕೇವಲ ಸಿರಪ್ ಕುಡಿಯುತ್ತಾ ಕಾಲಕಳೆಯದೆ ಕ್ಷಯರೋಗಕ್ಕಾಗಿ ಕಫ ಪರೀಕ್ಷೆಯನ್ನು ಮಾಡಿಸಬೇಕೆಂಬ ಸಲಹೆಯ ಹಿಂದಿರುವುದು ಇದೇ ತತ್ವ.

ಮಾನಸಿಕ ಅನಾರೋಗ್ಯದಲ್ಲಿ ಲಕ್ಷಣಗಳಿಗೆ ಇನ್ನೂ ಹೆಚ್ಚಿನ ಮಹತ್ವವಿದೆ. ಖಿನ್ನತೆಯನ್ನು ರಕ್ತಪರೀಕ್ಷೆಯು ತೋರಿಸಿಕೊಡಲಾರದು. ರೋಗಿಯ ಮಾತು ಮತ್ತು ವರ್ತನೆಯೇ ವೈದ್ಯರಿಗೆ ಮುಖ್ಯ ಆಧಾರ. ಅನೇಕರು ಮನಸ್ಸಿನ ದುಃಖವನ್ನು ಹೇಳಿಕೊಳ್ಳದೆ ತಲೆನೋವು, ಮೈಕೈ ನೋವು, ನಿದ್ದೆಯಿಲ್ಲವೆಂಬ ದೂರುಗಳನ್ನಷ್ಟೇ ಹೇಳುತ್ತಾರೆ. ಇಂಥವರು ತಾವಾಗಿಯೇ ನಿದ್ರೆಮಾತ್ರೆ ಸೇವಿಸಿದರೆ ಆ ರಾತ್ರಿ ನಿದ್ದೆ ಬಂದೀತು. ಖಿನ್ನತೆ ಹಾಗೆಯೇ ಉಳಿಯುವುದಲ್ಲದೆ ಮಾತ್ರೆಯ ಚಟವೂ ಅಂಟಿಕೊಳ್ಳಬಹುದು. ಬೇಸರ, ನಿರಾಸಕ್ತಿ, ನಿದ್ರಾಹೀನತೆಗಳು ಎರಡು ವಾರಗಳವರೆಗೆ ಬಿಡದೆ ಕಾಡಿದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆಂಬ ಮಾತು ಬಂದರೆ ಅಷ್ಟು ದಿನ ಕಾಯಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ.

ಯಾವ ಲಕ್ಷಣವು ಎಂದು ಆರಂಭವಾಯಿತು, ಯಾವುದರ ನಂತರ ಯಾವುದು ಬಂದಿತು, ಯಾವ ಔಷಧಿಯನ್ನು ಸೇವಿಸಲಾಯಿತು ಎಂಬುದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿರಿ. ಹಿಂದೆ ಬಂದು ಹೋದ ಭೇದಿಯನ್ನೂ ಹೇಳಲು ಮರೆಯದಿರಿ. ರೋಗದ ಮೂಲವನ್ನು ತಲುಪಲು ವೈದ್ಯರಿಗೆ ಅದೇ ದಾರಿ ತೋರಬಹುದು.